ಹತ್ತಕ್ಕೆ ನಾಲ್ಕು

ಜೇಬಿನಲ್ಲಿ ಆ ಕೆಂಪು ಪೆನ್ನೊಂದು ಇಲ್ಲದಿದ್ದರೆ ಕನ್ನಡ ಲೆಕ್ಚರರ್ ಜಗನ್ನಾಥರ ಮಾನ ಅಂದು ಉಳಿಯುತ್ತಿತ್ತು.

ಪಕ್ಕದ ಮನೆಯ ಚನ್ನವೀರಪ್ಪ ತೀರಿಕೊಂಡು ಅಂದಿಗೆ ತಿಂಗಳು. ಹತ್ತು ವರ್ಷ ಪ್ರತಿ ಭಾನುವಾರ ಹಕ್ಕಿಯದೋ ಮರದ್ದೋ ಒಂದು ಪದ್ಯ ಹಿಡಿದು ಬಂದು, "ಛಂದಸ್ಸು ಕೂತಿದೆಯಾ ಮೇಷ್ಟ್ರೇ?" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಮನುಷ್ಯ. ಜಗನ್ನಾಥರು ಉತ್ತರಪತ್ರಿಕೆಯಂತೆ ತಿದ್ದಿ, ಅಂಕ ಹಾಕಿ ಕಳಿಸುತ್ತಿದ್ದರು. ಒಂದೇ ಒಂದು ಒಳ್ಳೆಯ ಮಾತಾಡಲಿಲ್ಲವಲ್ಲ ಎಂಬ ಸಂಕಟ ಈಗ ಹಿಂಡುತ್ತಿತ್ತು.

ಬೆಳಿಗ್ಗೆ ಅನ್ನಪೂರ್ಣೇಶ್ವರಿ ನಗರದ ಬಸ್ ಸ್ಟಾಪಿನಲ್ಲಿ ಬಡಾವಣೆ ಸಂಘದ ರಾಚಪ್ಪ ಅಡ್ಡಗಟ್ಟಿ ಹಾಳೆಯೊಂದನ್ನು ಕೈಗಿತ್ತ. "ಸಾರ್, ಚನ್ನವೀರಪ್ಪೋರ ಕೊನೇ ಪದ್ಯ, ಸೂರಕ್ಕಿ ಅನ್ನೋ ಹಕ್ಕಿ ಮೇಲೆ. ಇದನ್ನ ಕಲ್ಲಲ್ಲಿ ಕೆತ್ತಿಸಿ ಸಂಜೆ ಪಾರ್ಕಲ್ಲಿ ನೆಡ್ತೀವಿ. ತಪ್ಪಿದ್ಯಾ ನೋಡಿ, ಫೋಟೋ ಹೊಡ್ದು ಕಳ್ಸಿಬಿಡಿ."

ಭಾಮಿನಿ ಷಟ್ಪದಿ. ಕುಲುಕುವ ಬಸ್ಸಿನಲ್ಲಿ ಬ್ಯಾಗಿನ ಮೇಲೆ ಹಾಳೆಯಿಟ್ಟು, ಕೆಂಪು ಪೆನ್ನಿನಿಂದ ಪ್ರತಿ ಅಕ್ಷರದ ನೆತ್ತಿಗೆ ಲಘು ಗುರು ಗುರುತು ಹಾಕಿದರು. ಮೂರನೆಯ ಸಾಲಿನಲ್ಲಿ ಎರಡು ಮಾತ್ರೆ ಕಡಿಮೆ ಬಂತು. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಅಡಿಯಲ್ಲಿ ಗೀಚಿತು: "10ಕ್ಕೆ 4. ಗಮನವಿಟ್ಟು ಬರೆಯಿರಿ." ಸತ್ತವರ ಸಾಲನ್ನು ತಿದ್ದಲು ಮಾತ್ರ ಮನಸ್ಸಾಗಲಿಲ್ಲ. ಫೋಟೋ ತೆಗೆದು, "ಹೇಗಿದೆಯೋ ಹಾಗೇ ಕೆತ್ತಿಸಿ" ಎಂದು ಬರೆದು ಕಳಿಸಿದರು.

ಕನ್ನಡ ಬಾರದ ಕಲ್ಲಿನವನು ಹೇಗಿತ್ತೋ ಹಾಗೇ ಕೆತ್ತಿದ.

ಸಂಜೆ ಪಾರ್ಕಿನಲ್ಲಿ ಕಲ್ಲಿಗೆ ಹೊದಿಸಿದ ಪರದೆ ಸರಿಯಿತು. ಎದುರುಮನೆ ರಾಮಕ್ಕ ಕನ್ನಡಕ ಏರಿಸಿ, "ಅಕ್ಷರದ ಮೇಲೆಲ್ಲಾ ಅದೇನ್ರೀ?" ಎಂದರು.

"ಡಿಸೈನು. ಹಕ್ಕಿ ಹಾರೋ ಥರ," ಎಂದ ರಾಚಪ್ಪ. ಕಣ್ಣು ಕೊನೆಯ ಸಾಲಿಗೆ ಇಳಿದದ್ದೇ ತಡ, ಅವನು ಜಗನ್ನಾಥರತ್ತ ತಿರುಗಿದ. ಅಲ್ಲಿದ್ದದ್ದು ಮೇಷ್ಟ್ರ ಕೈಬರಹವೇ, ಅಂಕದ ಸಮೇತ.

ಚನ್ನವೀರಪ್ಪನವರ ಹೆಂಡತಿ ಕಲ್ಯಾಣಮ್ಮ ಮುಂದೆ ಬಂದು ಆ ಅಂಕವನ್ನು ಬೆರಳಿನಿಂದ ಸವರಿದರು. "ನಾಲ್ಕಾ? ಇಷ್ಟು ವರ್ಷದಲ್ಲಿ ಮೂರರ ಮೇಲೆ ಬಂದೇ ಇರ್ಲಿಲ್ಲ ಅವ್ರಿಗೆ. ಮೂರು ಬಂದ್ರೇ ಕೇಸರಿಬಾತ್ ಮಾಡಿಸ್ತಿದ್ರು ಮೇಷ್ಟ್ರೇ. ನಾಲ್ಕು ನೋಡ್ದೇ ಹೋದ್ರಲ್ಲಾ!" ಎಂದು ಅಳುತ್ತಲೇ ನಕ್ಕರು.

ಅವರ ಮುಖ ನೋಡಲಾರದೆ ಜಗನ್ನಾಥರು ಕಲ್ಲನ್ನೇ ನೋಡಿದರು. ಮೂರನೆಯ ಸಾಲನ್ನು ಮತ್ತೆ ಬೆರಳು ಮಡಚಿ ಎಣಿಸಿದರು. ಮಾತ್ರೆ ಸರಿಯಿತ್ತು. ಇನ್ನೊಮ್ಮೆ ಎಣಿಸಿದರು. ತಪ್ಪಿದ್ದು ಚನ್ನವೀರಪ್ಪ ಅಲ್ಲ, ಬಸ್ಸಿನಲ್ಲಿ ಕೂತು ಎಣಿಸಿದ ಮೇಷ್ಟ್ರು. ಪದ್ಯದಲ್ಲಿ ಎಲ್ಲೂ ಒಂದು ಕೂದಲೆಳೆಯ ದೋಷವಿರಲಿಲ್ಲ.

"ಏನ್ ಎಣಿಸ್ತಿದೀರಾ ಮೇಷ್ಟ್ರೇ?" ಎಂದರು ಕಲ್ಯಾಣಮ್ಮ.

ಜಗನ್ನಾಥರು ಮಡಚಿದ ಬೆರಳುಗಳನ್ನು ಜೇಬಿಗೆ ತುರುಕಿದರು. ಅಲ್ಲಿ ಕೆಂಪು ಪೆನ್ನು ತಗುಲಿತು.

"ಏನಿಲ್ಲಮ್ಮಾ, ನಾಲ್ಕು ಸರಿಯಾಗೇ ಇದೆ," ಎಂದರು.