ಎಂಟೂ ಇಪ್ಪತ್ತರ ವೇದಾಂತ

ಮನಸ್ಸನ್ನು ಗೆದ್ದೇ ತೀರುತ್ತೇನೆ ಎಂದು ನಾನು ಘೋಷಿಸಿಬಿಟ್ಟೆ! ಗಡಿಯಾರ ರಿಪೇರಿಯವನು ನಾನು. ಮೂವತ್ತು ವರ್ಷ ಊರಿನವರ ಕಾಲವನ್ನೆಲ್ಲ ಚಿಮಟದಲ್ಲಿ ಹಿಡಿದು ಕೂರಿಸಿದವನಿಗೆ ಯಃಕಶ್ಚಿತ್ ಒಂದು ಮನಸ್ಸು ಯಾವ ಲೆಕ್ಕ! ವೇದಾಂತದ ತರಗತಿಗೆ ಹೋಗಿದ್ದು ಮೂರೇ ವಾರ. ಕಳೆದದ್ದು ಇಲ್ಲ, ಬರುವುದೂ ಇಲ್ಲ, ಇರುವುದು ಈ ಕ್ಷಣವೊಂದೇ ಎಂಬುದು ತಲೆಗೆ ಏರಿಬಿಟ್ಟಿತ್ತು.

ಅಂದು ಸಂಜೆ ಹೆಂಡತಿ, "ರೀ, ನಾಳೆ ಒಂಬತ್ತೂವರೆಗೆ ನನ್ನ ಸಂದರ್ಶನ. ಗ್ರಂಥಾಲಯದ ಕೆಲಸ. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗೀತು, ಇದೇ ಕೊನೇದು" ಎಂದಳು.

"ನಾಳೆ ಅನ್ನೋದೇ ಇಲ್ಲ ಕಣೇ!"

"ನಿಮಗಿಲ್ದೇ ಇರಬಹುದು, ನನಗಿದೆ."

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಧ್ಯಾನಕ್ಕೆ ಕುಳಿತೆ. ಕಣ್ಣು ಮುಚ್ಚಿದರೆ ಗೋಡೆ ಗಡಿಯಾರದ ಟಿಕ್ ಟಿಕ್! ಸಾಕ್ಷಾತ್ ಕಾಲಪುರುಷನೇ ನನ್ನನ್ನು ಕೆಣಕುತ್ತಿದ್ದಾನೆ! ಎದ್ದು ಅದರ ಸೆಲ್ ಕಿತ್ತು ಜೇಬಿಗಿಳಿಸಿದೆ. ಎರಡೂ ಮೊಬೈಲ್ ಬಂದ್ ಮಾಡಿ ಬೀರುವಿಗೆ ತಳ್ಳಿದೆ. ಆಹಾ, ಎಂಥ ನಿಶ್ಶಬ್ದ!

"ಮೊಬೈಲ್ ಎಲ್ರೀ?" ಎನ್ನುತ್ತಾ ಹೆಂಡತಿ ಬಂದಳು.

"ಇವತ್ತು ಅದಕ್ಕೂ ಮೌನವ್ರತ!"

"ಸರಿ ಬಿಡಿ, ಗೋಡೇಲಿ ಗಡಿಯಾರ ಇದ್ಯಲ್ಲ. ಎಂಟೂ ಇಪ್ಪತ್ತು. ಸದ್ಯ, ಇನ್ನೂ ಹೊತ್ತಿದೆ."

ಬಟ್ಟೆ ಇಸ್ತ್ರಿ ಮಾಡಿದಳು. ಬರೆದಿಟ್ಟುಕೊಂಡ ಪ್ರಶ್ನೋತ್ತರಗಳನ್ನೆಲ್ಲ ಓದಿದಳು. ಮತ್ತೆ ತಲೆಯೆತ್ತಿದಳು. "ಇದೇನ್ರೀ, ಇನ್ನೂ ಎಂಟೂ ಇಪ್ಪತ್ತೇ? ಭಯಕ್ಕೋ ಏನೋ, ಹೊತ್ತೇ ಹೋಗ್ತಿಲ್ಲ!"

ನಾನೇ ನೋಡಿಕೊಳ್ಳುವ ಆ ಗೋಡೆ ಗಡಿಯಾರ ಇಪ್ಪತ್ತು ವರ್ಷದಲ್ಲಿ ಒಂದು ನಿಮಿಷ ತಪ್ಪಿದ್ದಿಲ್ಲ. ಪಾಪ, ಅವಳಾದರೂ ಹೇಗೆ ಅನುಮಾನ ಪಡಬೇಕು? ಇನ್ನು ನನಗೋ, ಸೆಲ್ ಕಿತ್ತದ್ದು ನೆನಪೇ ಇರಲಿಲ್ಲ. ಅದು ಕಳೆದುಹೋದ ಕಾಲ ನೋಡಿ!

"ಮನಸ್ಸು ಅಡಗಿದ್ರೆ ಕಾಲ ಹೀಗೇ ನಿಲ್ಲುತ್ತೆ" ಎಂದು ಬೀಗಿದೆ. ಮೂರೇ ವಾರಕ್ಕೆ ಸಿದ್ಧಿ! ಹೆಂಡತಿಗೂ ತಗುಲಿಕೊಂಡಿದೆ!

ಅಷ್ಟರಲ್ಲಿ ಎದುರುಮನೆ ಟೈಲರ್ ಕಿಟಕಿಯಲ್ಲಿ ಇಣುಕಿದ. "ಏನಣ್ಣ, ಹತ್ತು ಗಂಟೆಯಾಯ್ತು, ಇನ್ನೂ ಅಂಗಡಿ ತೆಗ್ದಿಲ್ಲ? ಹುಷಾರಿಲ್ವಾ?"

ಹೆಂಡತಿಯ ಕೈಯಿಂದ ಪ್ರಮಾಣಪತ್ರಗಳ ಕಡತ ಜಾರಿತು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಸೆಲ್ ಬೆರಳಿಗೆ ಸಿಕ್ಕಿತು.

ಗ್ರಂಥಾಲಯಕ್ಕೆ ಬಿದ್ದಂಬೀಳ ಓಡಿದೆವು. ಬಾಗಿಲಲ್ಲಿದ್ದ ಗುಮಾಸ್ತ, "ಎಲ್ಲಾ ಮುಗೀತಮ್ಮ, ಸಾಹೇಬ್ರು ಹೊರಟುಹೋದ್ರು" ಎಂದ.

"ತಪ್ಪು ನಂದು ಸಾರ್! ಗಡಿಯಾರ ನಿಲ್ಲಿಸಿದ್ದೇ ನಾನು" ಎಂದು ಕೈಮುಗಿದೆ.

"ನೀವೇನು ಕೆಲಸ ಮಾಡೋದು?"

"ಗಡಿಯಾರ ರಿಪೇರಿ."

ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದೆವು. ನನಗೆ ಅಳುವೇ ಬಂತು. "ಬೈಯೇ, ಏನಾದ್ರೂ ಅನ್ನೇ!" ಎಂದೆ.

"ಕಳೆದದ್ದು ಇಲ್ಲ ಅಂದ್ರಲ್ಲ, ಯಾವುದಕ್ಕೆ ಅಂತ ಬೈಲಿ?"

ಕೈ ಚಾಚಿದಳು. ಸೆಲ್ ಕೊಟ್ಟೆ. ಸ್ಟೂಲ್ ಹತ್ತಿ ತಾನೇ ಹಾಕಿದಳು. ಟಿಕ್ ಟಿಕ್ ಶುರುವಾಯಿತು.

"ಎಂಟೂ ಇಪ್ಪತ್ತು. ಇನ್ನೂ ಹೊತ್ತಿದೆ ಅಲ್ವೇನ್ರೀ?" ಎಂದವಳೇ, ಇಸ್ತ್ರಿ ಮಾಡಿದ ಆ ಬಟ್ಟೆಯಲ್ಲೇ, ಕಡತ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಳು.

ಊರಿನ ಗಡಿಯಾರಗಳನ್ನೆಲ್ಲ ಈಗಲೂ ನಾನೇ ಸರಿಮಾಡುತ್ತೇನೆ. ನಮ್ಮ ಮನೆಯದು ಮಾತ್ರ ಇವತ್ತಿಗೂ ಮೂರು ಗಂಟೆ ಹಿಂದಿದೆ. ಅದರ ಮುಳ್ಳು ಮುಟ್ಟುವ ಧೈರ್ಯ ನನಗಿಲ್ಲ!