ಬಾಯಿಗೆ ಮೊಹರು ಬಿದ್ದ ಅತ್ತೆ

ನಿಮಗೂ ಹೀಗಾಗಿದೆಯಾ, ಹೇಳಿ. ಮನೆಯಲ್ಲಿ ಒಬ್ಬರಿಗೆ ಎಲ್ಲವೂ ಗೊತ್ತಿರುತ್ತದೆ, ಆದರೆ ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ನೀವು ಕೇಳಿ ಕೇಳಿ ಸಿಟ್ಟಿನಿಂದ ಪಾತ್ರೆ ಕುಕ್ಕುತ್ತೀರಿ, ಅವರು ಕಿಟಕಿಯಾಚೆ ಕಾಗೆ ನೋಡುತ್ತಾ ಕೂತಿರುತ್ತಾರೆ! ಆಗಿಲ್ಲವಾ? ಪುಣ್ಯವಂತರು ನೀವು. ನನಗಂತೂ ಕಾಲೇಜಿನ ವಯಸ್ಸಿನಿಂದ ಕುದಿಯುತ್ತಲೇ ಇದೆ.

ನಮ್ಮ ಅತ್ತೆ ಒಂದು ಮಾತಾಡಿದರೆ ಮುಂಬೈಯ ಶೇರುಪೇಟೆ ಅಲ್ಲಾಡುತ್ತಿತ್ತಂತೆ. ಅದೇ ಅತ್ತೆಯಿಂದ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಹೇಳಿಸಲು ಇಡೀ ಅಂಕೋಲೆಯಿಂದ ಇನ್ನೂ ಸಾಧ್ಯವಾಗಿಲ್ಲ. ಅತ್ತೆ ಎಂದರೆ ಅಪ್ಪನ ತಂಗಿ ಮತ್ತೆ! ಗಂಡನ ತಾಯಿಯ ಬಗ್ಗೆ ಬರೆಯುವಷ್ಟು ಧೈರ್ಯ ನನಗೆಲ್ಲಿ?

ಬೆಳಂಬಾರದ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಮೊದಲು ದೇಶದ ನೋಟು ಹೊರಡಿಸುವ ದೊಡ್ಡ ಬ್ಯಾಂಕಿನಲ್ಲಿ ಅಧಿಕಾರಿಯಾದಳು. ಉಳಿದ ಬ್ಯಾಂಕುಗಳ ಕಿವಿ ಹಿಂಡುವ ಬ್ಯಾಂಕು ಅದು. ಆಮೇಲೆ ಸೇರಿದ್ದು ಶೇರುಪೇಟೆಯ, ಜನರ ದುಡ್ಡೆತ್ತುವ ಕಂಪನಿಗಳ ಕಳ್ಳಾಟಗಳನ್ನು ಹಿಡಿಯುವ ಕಚೇರಿಗೆ. ಊರಿನವರಿಗೆ ಇದೆಲ್ಲ ಹೇಗೆ ಕಂಡಿತು ಗೊತ್ತಾ?

"ಮದ್ವೆ ಬಿಟ್ಟು ಮುಂಬೈಲಿ ನೋಟು ಎಣಿಸ್ತದಂತೆ. ಎಣಿಸೂಕೆ ಅಷ್ಟೆಲ್ಲ ಓದ್ಬೇಕನೆ?"

ಎಣಿಸುವವಳಲ್ಲ, ಎಣಿಸುವವರ ಮೇಲೆ ಕಣ್ಣಿಡುವವಳು ಎಂದು ನಾನು ಎಷ್ಟು ಮದುವೆಮನೆಗಳಲ್ಲಿ ಗಂಟಲು ಹರಿದುಕೊಂಡಿದ್ದೇನೆ! ಆ ಮಹಾರಾಯ್ತಿ ಮಾತ್ರ ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದಳು. ಕಾರವಾರದ ಒಂದು ಮದುವೆಯಲ್ಲಿ ನಮ್ಮ ನೆಂಟನೊಬ್ಬ ಎಲೆ ಬಿಟ್ಟು ಎದ್ದು ಬಂದು ಅವಳ ಕಿವಿಗೆ ಬಾಯಿ ಹಚ್ಚಿದ.

"ಅಕ್ಕಾ, ಯಾವ ಶೇರು ತಕ್ಕಂಡ್ರೆ ಒಳ್ಳೇದು? ಹೆಸ್ರು ಹೇಳು ಸಾಕು."

"ಒಂದು ಶೇರು ಕುಚಲಕ್ಕಿ ತಕ್ಕ. ಗಂಜಿ ಆಗ್ತದೆ."

ಅವನು ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ. ಅದೊಂದೇ ಲಾಭ!

ರಿಟೈರಾದ ಮೇಲಾದರೂ ನಾಲಿಗೆ ಸಡಿಲವಾಯಿತಾ? ಎಲ್ಲಿ! ಚಿತ್ತಾಕುಲದಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ, ಭಾನುವಾರ ನಮ್ಮನೆಗೆ ಊಟಕ್ಕೆ ಬರುತ್ತಾಳೆ. ಅಮ್ಮ ಹೋದ ಮೇಲೆ ಅಪ್ಪ ನನ್ನ ಮನೆಯಲ್ಲೇ ಇರುವುದು. ಕೇಣಿಯಿಂದ ಮೀನು ತರುವವಳು ಬುಟ್ಟಿ ಇಳಿಸಿದರೆ, ಅತ್ತೆ ಬಂಗಡೆಯ ಕಿವಿರು ಎತ್ತಿ ನೋಡುತ್ತಾಳೆ, ಹಾಗೇ ಇಡುತ್ತಾಳೆ.

"ತಾಜಾ ಅದ್ಯಾ ಅತ್ತೆ?" ಎಂದು ನಾನು.

"ಅದ್ರ ಬಗ್ಗೆ ನಾನು ಏನೂ ಹೇಳೂದಿಲ್ಲ."

ಮೀನಿನವಳಿಗೆ ಉರಿದುಹೋಯಿತು. "ಅಮಾ, ಬೇಕಾರೆ ಬಯ್ರಿ! ನೀವು ಹೀಂಗೆ ಸುಮ್ನೆ ಮೂತಿ ತಿರುಗ್ಸಿದ್ರೆ ಕೇರಿಯವ್ರೆಲ್ಲ ಎಂತದೋ ಅದೆ ಅಂತ ಓಡ್ತ್ರು!"

ಅವಳ ಸಿಟ್ಟು ಹಾಗಿರಲಿ, ನನ್ನ ಸಿಟ್ಟು ಕೇಳಿ.

ನಾನು ಧಾರವಾಡಕ್ಕೆ ಓದಲು ಹೋಗುವುದೆಂದು ತೀರ್ಮಾನವಾಗಿದ್ದ ಕಾಲ. ಅದಕ್ಕೆ ಕೂಡಿಟ್ಟ ದುಡ್ಡನ್ನು ಅಪ್ಪ ಒಂದು ತೇಗದ ಗಿಡದ ಕಂಪನಿಗೆ ಹಾಕಿದ. ನಿಮ್ಮ ಹೆಸರಿನಲ್ಲಿ ಗಿಡ, ಗಿಡ ಮರವಾದಾಗ ನೀವು ಸಾಹುಕಾರರು! ಕೋಟು ತೊಟ್ಟು ಬಂದವನು ಎಲ್ಲರಿಗೂ ಅವರವರ ಗಿಡದ ಫೋಟೋ ಕೊಟ್ಟ. ಅಪ್ಪ ಅದನ್ನು ದೇವರ ಪಟದ ಪಕ್ಕ ತೂಗುಹಾಕಿದ, ಊದಿನಕಡ್ಡಿಯ ಹೊಗೆ ಗಿಡಕ್ಕೂ ಸಿಗುತ್ತಿತ್ತು. ಆಮೇಲೆ ನೋಡಿದರೆ ಕೇಣಿಯಲ್ಲೂ ಬೆಳಂಬಾರದಲ್ಲೂ ಮನೆಮನೆಯಲ್ಲಿ ಅದೇ ಫೋಟೋ. ಒಂದೇ ಗಿಡ, ಊರು ತುಂಬ ಯಜಮಾನರು!

ಆಗ ಅತ್ತೆ ರಜೆಗೆ ಬಂದಳು. ಊಟಕ್ಕೆ ಕೂತಾಗ ಅಪ್ಪ ಹೆಮ್ಮೆಯಿಂದ ಫೋಟೋ ತೋರಿಸಿದ. ಅವಳ ಕೈ ಅನ್ನದಲ್ಲೇ ನಿಂತಿತು. "ಯಾವಾಗ ಹಾಕ್ದೆ ಅಣ್ಣಾ?" ಎಂದಷ್ಟೇ ಕೇಳಿದಳು. ರಜೆ ಇನ್ನೂ ಬಾಕಿ ಇತ್ತು, ಬೆಳಗಾದದ್ದೇ ಮುಂಬೈಗೆ ಹೊರಟಳು. ಕೆಲವು ವಾರಗಳಲ್ಲಿ ಕಂಪನಿಗೆ ಬೀಗ ಬಿತ್ತು. ಬೀಗ ಹಾಕಿಸಿದ್ದು ಯಾರ ಕಚೇರಿ? ಇವಳದೇ!

ಧಾರವಾಡದ ಹಾಸ್ಟೆಲಿನ ಬದಲು ನನಗೆ ಸಿಕ್ಕಿದ್ದು ಅಂಕೋಲಾ–ಕಾರವಾರ ಬಸ್ಸಿನ ಕಂಬಿ. ಊರಿನವರೋ, ದುಡ್ಡು ನುಂಗಿದ ಕೋಟಿನವನನ್ನು ಬಿಟ್ಟು ಬಾಗಿಲು ಮುಚ್ಚಿಸಿದ ಹೆಂಗಸಿಗೆ ಶಾಪ ಹಾಕಿದರು. ಅವರ ಬುದ್ಧಿಗೆ ಬೆಂಕಿ ಬೀಳಲಿ! ಆದರೆ ನಾನು ಶಾಪ ಹಾಕಿದ್ದು ಬೇರೆ ಕಾರಣಕ್ಕೆ. ಗೊತ್ತಿದ್ದೂ ಬಾಯಿಬಿಡಲಿಲ್ಲ ಎಂದು.

ಕಳೆದ ಭಾನುವಾರ ಅವಳ ಎದುರಿಗೇ ಅಪ್ಪ ಹೇಳಿದ, "ಇವ್ಳು ಆ ಚಿತ್ತಾಕುಲದಲ್ಲಿ ಒಬ್ಳೇ ಇರೂದು ಬೇಡ ಮಗಾ. ಇನ್ನು ಇಲ್ಲೇ ಇರ್ಲಿ."

"ಆಗೂದಿಲ್ಲ!" ಎಂದೆ. ಬಾಯಿತಪ್ಪಿ ಅಲ್ಲ, ಬೇಕೆಂದೇ. "ಎಲ್ಲ ಗೊತ್ತಿದ್ದೂ ಉಂಡು ಕೈತೊಳ್ದು ಎದ್ದು ಹೋದ್ಯಲ್ಲ ಅತ್ತೆ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಎಂದಿನಂತೆ ಕಿಟಕಿಯತ್ತ ತಿರುಗಿದಳು. ಅಪ್ಪನೇ ಬಾಯಿಬಿಟ್ಟ.

"ನಂಗೆ ಹೇಳಿದ್ರೆ ನಾ ಸುಮ್ನಿರ್ತಿದ್ನನೆ? ಓಡಿ ಹೋಗಿ ನನ್ನ ದುಡ್ಡು ತಕ್ಕಬರ್ತಿದ್ದೆ. ನನ್ನ ಬೆನ್ನಿಗೆ ನಮ್ಮ ನೆಂಟ್ರು. ಕಡೆಗೆ ಹೋದ ಕೇಣಿ ಹೆಂಗಸ್ರಿಗೆ ಎಂತ ಉಳೀತಿತ್ತು? ಒಂದೇ ಸಲ ಬೀಗ ಬಿತ್ತು, ಎಲ್ರಿಗೂ ಸ್ವಲ್ಪ ಸ್ವಲ್ಪ ಆದ್ರೂ ವಾಪಸ್ ಬಂತು."

"ಇದನ್ನೆಲ್ಲ ನಿಂಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನ್ನ ತಂಗಿ ನಂಗೆ ಗೊತ್ತಿಲ್ವನೆ?"

ಆಗ ಅತ್ತೆ ಮಾತಾಡಿದಳು. ನನ್ನನ್ನಲ್ಲ, ನೆಲ ನೋಡುತ್ತಾ.

"ಆ ಕಂಪನಿ ತನಿಖೆ ಮಾಡ್ತಿದ್ದವ್ಳು ನಾನೇ. ತನಿಖೆ ಮಾತು ಮನೆಯವ್ರಿಗೂ ಹೇಳೂಹಾಗಿಲ್ಲ. ಇಲ್ಲಿಂದ ಹೋದವ್ಳೇ ಆಫೀಸಿಗೆ ಹೇಳ್ದೆ, ನಮ್ಮಣ್ಣನ ದುಡ್ಡೂ ಅದ್ರಲ್ಲಿ ಅದೆ, ಈ ಕೆಲಸ ಬೇರೆಯವ್ರಿಗೆ ಕೊಡಿ ಅಂತ. ಕೊಟ್ರು. ಹಗಲು ರಾತ್ರಿ ದುಡಿದು ಆ ಕೇಸು ಕಟ್ಟಿದ್ದೆ, ಕಡೆಗೆ ಸಹಿ ಹಾಕಿದ್ದು ಬೇರೆಯವ್ರು." ಆಮೇಲೆ ಅಪ್ಪನ ಕಡೆ ತಿರುಗಿದಳು. "ತಪ್ಪಾಯ್ತು ಅಂತ ಹೇಳೂಕೂ ನಂಗೆ ಅಧಿಕಾರ ಇರ್ಲಿಲ್ಲ ಅಣ್ಣಾ. ಹೇಳಿದ್ರೆ, ನಂಗೆ ಮೊದ್ಲೇ ಗೊತ್ತಿತ್ತು ಅಂತ ಹೇಳ್ದ ಹಾಗೇ ಆಗ್ತಿತ್ತು."

ಅಪ್ಪ ಅವಳ ಕೈ ಹಿಡಿದುಕೊಂಡ. "ಈಗ ರಿಟೈರ್ ಆಗಿದ್ಯಲ್ಲೆ ಹುಡ್ಗಿ. ಈಗ ಹೇಳು."

ಅತ್ತೆ ಬಾಯಿ ತೆರೆದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಸಣ್ಣ ಮಕ್ಕಳ ಹಾಗೆ ಅತ್ತಳು.

ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಹೋದ ಧಾರವಾಡ ಹೋದದ್ದೇ. ಆದರೆ ಅವರಿಬ್ಬರನ್ನೂ ಅಲ್ಲೇ ಬಿಟ್ಟು ಪಡುವಣ ಕೋಣೆಗೆ ಹೋದೆ, ಕಿಟಕಿ ತೆರೆದೆ, ಮಂಚದ ಮೇಲಿನ ಹಳೆಯ ಬಟ್ಟೆಯ ರಾಶಿ ಎತ್ತಿ ತೊಳೆದ ಚಾದರ ಹಾಸಿದೆ. ಆ ಕೋಣೆಗೆ ಸಮುದ್ರದ ಗಾಳಿ ಚೆನ್ನಾಗಿ ಬರುತ್ತದೆ.

ನಿಮ್ಮ ಮನೆಯಲ್ಲೂ ಇದ್ದಾರಾ, ಹೇಳಬಾರದ್ದನ್ನು ನುಂಗಿಕೊಂಡು ನಿಮ್ಮಿಂದ ಬೈಸಿಕೊಂಡವರು? ಅವರ ಕಥೆಯನ್ನು ಇಲ್ಲೇ ಕೆಳಗೆ ಬರೆಯಿರಿ. ಇನ್ನೂ ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆಯಿರಿ, ಓದುತ್ತೇನೆ.