ಒಂದು ಸ್ಕ್ರೂ ಹಾಕಿಕೊಡದ ತಪ್ಪಿಗೆ

ಸಾವಿರ ಜನರ ನಡುವೆ ನಿಲ್ಲಿಸಿದರೂ ನನ್ನ ಮೆಚ್ಚಿನ ಕಾದಂಬರಿಕಾರರನ್ನು ಗುರುತು ಹಿಡಿಯಬಲ್ಲೆ ಎಂದೇ ನಾನು ನಂಬಿದ್ದೆ. ಅವರ ಒಂದು ಪುಸ್ತಕವನ್ನೂ ಓದದೆ ಬಿಟ್ಟವನಲ್ಲ. ಪ್ರತಿ ಪುಸ್ತಕದ ಬೆನ್ನಿಗೂ ಅದೇ ಫೋಟೋ: ಕಪ್ಪು ಗುಂಗುರು ಕೂದಲು, ದಪ್ಪ ಮೀಸೆ, ದೂರಕ್ಕೆ ನೆಟ್ಟ ನೋಟ.

ಅವರು ಯಲ್ಲಾಪುರಕ್ಕೆ ಭಾಷಣಕ್ಕೆ ಬರುತ್ತಾರೆಂದು ತಿಳಿದಾಗಿನಿಂದ ಶಿರಸಿಯ ನನ್ನ ಕನ್ನಡಕದ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ಮಧ್ಯಾಹ್ನ ಬಸ್ಸಿಗೆ ಹೊರಡಲೆಂದು ಹೆಂಡತಿ ಶಾರದೆಯೂ ಅಂಗಡಿಗೆ ಬಂದಿದ್ದಳು. ಶಟರ್ ಅರ್ಧ ಎಳೆದಿದ್ದೆ. ಕಳಚಿದ ಕನ್ನಡಕದ ಕಡ್ಡಿ ಹಿಡಿದುಕೊಂಡು ಬೋಳುತಲೆಯ ಮುದುಕರೊಬ್ಬರು ಬಂದರು.

“ಒಂದು ಸ್ಕ್ರೂ ಹಾಕಿಕೊಡ್ತೀರಾ?”

“ಇವತ್ತು ಆಗೋದಿಲ್ಲ. ದೊಡ್ಡ ಸಾಹಿತಿಗಳನ್ನು ನೋಡಲಿಕ್ಕೆ ಹೊರಟಿದ್ದೇನೆ!” ಎಂದು ಹೆಮ್ಮೆಯಿಂದ ಹೆಸರು ಹೇಳಿದೆ.

ಮುದುಕರು ಮೆಲ್ಲಗೆ ನಕ್ಕರು. “ಓ, ಅವರಾ? ಕೊನೆಯ ಕಾದಂಬರಿ ಸ್ವಲ್ಪ ಎಳೆದುಬಿಟ್ಟರು.”

ನನಗೆ ಮೈಯೆಲ್ಲ ಉರಿಯಿತು! “ನಿಮಗೆ ಅರ್ಥ ಆಗಿಲ್ಲ. ಇನ್ನೊಮ್ಮೆ ಓದಿ. ನಿಧಾನ ಓದಿ!”

“ಓದಬಹುದಿತ್ತು, ಕನ್ನಡಕ ಸರಿ ಇದ್ದಿದ್ರೆ.”

“ಒಂದು ಸ್ಕ್ರೂ ಅಲ್ದ? ಹಾಕಿಕೊಡಿ,” ಎಂದಳು ಶಾರದೆ.

“ಬಸ್ಸು ತಪ್ಪುತ್ತು!” ಎಂದು ಗದರಿ ಶಟರ್ ಪೂರ್ತಿ ಎಳೆದೆ. ಸಾಹಿತ್ಯದ ಗೌರವ ಉಳಿಸಿದ ತೃಪ್ತಿಯಲ್ಲಿ ಬಸ್ಸು ಹತ್ತಿದೆ.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತೆವು. ನೋಡಿದರೆ ಅದೇ ಮುದುಕರು ಮೆಟ್ಟಿಲು ತಡಕುತ್ತ ವೇದಿಕೆ ಹತ್ತುತ್ತಿದ್ದಾರೆ! ಇಲ್ಲಿಗೂ ಜಗಳಕ್ಕೆ ಬಂದರಲ್ಲ! ನಾನು ಎದ್ದು ನಿಂತು ಕೂಗಿದೆ: “ಯಜಮಾನರೇ, ಅದು ಅತಿಥಿಗಳ ಕುರ್ಚಿ! ಕೆಳಗೆ ಬನ್ನಿ!”

ಸಂಘಟಕರು ಓಡಿ ಬಂದರು. ಮುದುಕರಿಗೆ ಶಾಲು ಹೊದೆಸಿದರು.

ನಾನು ಕುಳಿತೆ.

ಒಂದು ಕೈಯಲ್ಲಿ ಕನ್ನಡಕವನ್ನು ಮೂಗಿಗೆ ಒತ್ತಿ ಹಿಡಿದು ಅವರು ಭಾಷಣ ಶುರು ಮಾಡಿದರು. “ಬರುವ ದಾರಿಯಲ್ಲಿ ಶಿರಸಿಯಲ್ಲಿ ಇದರ ಕಡ್ಡಿ ಕಳಚಿತು. ಅಲ್ಲಿಯ ಅಂಗಡಿಯವರೊಬ್ಬರು ನನ್ನನ್ನು ನೋಡುವ ಅವಸರದಲ್ಲಿ ನನ್ನನ್ನೇ ಹೊರಗೆ ಕಳಿಸಿದರು.” ಸಭೆ ಬಿದ್ದು ಬಿದ್ದು ನಕ್ಕಿತು.

“ಇದು ನಿಂಗಳ ಕಥೆನೇ ಅಲ್ದ?” ಎಂದಳು ಶಾರದೆ, ಹಿಂದಿನ ಸಾಲಿಗೂ ಕೇಳುವ ಹಾಗೆ.

“ಸುಮ್ನಿರೆ!”

ನೀವೇ ಹೇಳಿ, ತಪ್ಪು ಯಾರದು? ಆ ಗುಂಗುರು ಕೂದಲು ಎಲ್ಲಿ? ಆ ಮೀಸೆ ಎಲ್ಲಿ? ನಿಷ್ಠಾವಂತ ಓದುಗನಿಗೆ ಇಷ್ಟು ವರ್ಷ ಹಳೇ ಫೋಟೋ ತೋರಿಸಿದ್ದು ಘೋರ ಅನ್ಯಾಯವಲ್ಲವೇ?

ಆದರೂ ದೊಡ್ಡ ಮನಸ್ಸು ಮಾಡಿ ಭಾಷಣ ಮುಗಿದ ಮೇಲೆ ಶಾರದೆಯನ್ನೂ ಕರೆದುಕೊಂಡು ವೇದಿಕೆ ಹತ್ತಿದೆ. ಕಿಸೆಯಲ್ಲಿ ಸಣ್ಣ ಸ್ಕ್ರೂ ಡ್ರೈವರ್, ಸ್ಕ್ರೂ ಎರಡೂ ಇದ್ದವು. “ಕೊಡಿ ಸಾರ್, ಈಗಲೇ ಹಾಕ್ತೇನೆ.” ಅವರು ನಗುತ್ತ ಕೊಟ್ಟರು. ಅವಸರದಲ್ಲಿ ಕಡ್ಡಿಗೆ ಸ್ಕ್ರೂ ಇಡಹೋದೆ. ಸ್ಕ್ರೂ ಜಾರಿ ಮೇಜಿನ ಕೆಳಗೆ ಉರುಳಿತು. ಕನ್ನಡಕವನ್ನು ಶಾರದೆಯ ಕೈಗೆ ಕೊಟ್ಟು ನಾನು ಮೇಜಿನಡಿ ನುಗ್ಗಿದೆ.

ಸ್ಕ್ರೂ ಸಿಕ್ಕಿತು! ಆ ಖುಷಿಗೆ ಥಟ್ಟನೆ ತಲೆ ಎತ್ತಿದೆ. ಮೇಜಿಗೆ ಬಡಿಯಿತು. ಮೇಲಿದ್ದ ತಂಬಿಗೆ ಮಗುಚಿ ನೀರೆಲ್ಲ ಲೇಖಕರ ಪಂಚೆಯ ಮೇಲೆ! ಅದೇ ಹೊತ್ತಿಗೆ ಫೋಟೋದವನ ಕ್ಯಾಮೆರಾ ಮಿಂಚಿತು.

ಮರುದಿನ ಶಿರಸಿಯವರೆಲ್ಲರ ಮೊಬೈಲಿನಲ್ಲೂ ಅದೇ ಚಿತ್ರ. ಒದ್ದೆ ಪಂಚೆಯಲ್ಲಿ ನಗುತ್ತಿರುವ ಲೇಖಕರು, ಪಕ್ಕದಲ್ಲಿ ಕನ್ನಡಕ ಹಿಡಿದ ಶಾರದೆ. ಮೇಜಿನ ಕೆಳಗಿನಿಂದ ಹೊರಚಾಚಿದ ನನ್ನ ಹಿಂಭಾಗ.

“ನಿಂಗಳ ಮುಖ ಬಂಜಿಲ್ಲೆ. ಚೊಲೋ ಆತು,” ಎಂದಳು ಶಾರದೆ, ಚಿತ್ರದಲ್ಲಿ ನನ್ನ ಮುಖ ಬಾರದ್ದೇ ಒಳ್ಳೆಯದೆಂಬಂತೆ.

ಸಿಟ್ಟಿನಿಂದ ಫೋಟೋದವನಿಗೆ ಫೋನು ಮಾಡಿದೆ. “ಅದನ್ನ ಈಗಿಂದೀಗ ತೆಗೆಯಾ!”

“ಎಂತ ಮಾಡೂದು ಹೆಗಡೇರೆ? ಬೇರೆ ಫೋಟೋ ಒಂದೂ ಚೊಲೋ ಬಂಜಿಲ್ಲೆ!”

ಫೋನು ಕುಕ್ಕಿದೆ. ಆದರೆ ಮೆಚ್ಚಿನ ಲೇಖಕರ ಜೊತೆ ನಾನಿರುವ ಚಿತ್ರ ಅದೊಂದೇ ಅಲ್ಲವೇ? ಬೈಯುತ್ತಲೇ ಉಳಿಸಿಕೊಂಡೆ.